ಶಾಂಘೈ ಡೈರಿ 6: ನೆಲದಡಿ ಹೂತಿಟ್ಟ ಪಾತ್ರೆ

ಫೋಟೋದಲ್ಲಿರೋ ಈ ಮೂರು ಕಾಲಿನ ಕಂಚಿನ ಪಾತ್ರೆ ನೋಡಿ. ಹೆಸರು ದಾ ಕ ಡಿಂಗ್. ಪಶ್ಚಿಮ ಝೌ ಕಾಲದ್ದು, ತೂಕ 200 ಕೇಜಿ ಮೇಲೆ, ಒಳಮೈಯಲ್ಲಿ 290 ಅಕ್ಷರ. ಶಾಂಘೈ ಮ್ಯೂಸಿಯಂನಲ್ಲಿ ಬೇರೇನು ಬಿಟ್ರೂ ಇದನ್ನ ಬಿಡಬೇಡಿ.

1937ರಲ್ಲಿ ಜಪಾನೀ ಸೇನೆ ಸುಝೌಗೆ ನುಗ್ಗಿದಾಗ ಇದು ಅಲ್ಲಿನ ಪಾನ್ ಮನೆತನದ ಸ್ವತ್ತು. ಕಾಯೋ ಹೊಣೆ ಬಿದ್ದಿದ್ದು ಪಾನ್ ದಾಯು ಅನ್ನೋ ಎಳೇ ವಯಸ್ಸಿನ ವಿಧವೆ ಮೇಲೆ. ಆಕೆ ಮರದ ಪೆಟ್ಟಿಗೆಯಲ್ಲಿಟ್ಟು, ಮನೆಯೊಳಗೇ ನೆಲ ಅಗೆಸಿ ಹೂಳಿಸಿದರು. (ಅಷ್ಟು ಭಾರ ಹೇಗೆ ಎತ್ತಿದರೋ!) ಸೈನಿಕರು ಮನೆ ಜಾಲಾಡಿದರೂ ಸಿಗಲಿಲ್ಲ. ಮುಂದೆ ಹೊರತೆಗೆಯೋ ಹೊತ್ತಿಗೆ ಪೆಟ್ಟಿಗೆ ಕೊಳೆತುಹೋಗಿತ್ತಂತೆ. 1951ರಲ್ಲಿ ಆಕೆಯೇ ಇದನ್ನ ಸರ್ಕಾರಕ್ಕೆ ದಾನ ಕೊಟ್ಟರು.

ಗಾಜಿನ ಮುಂದೆ ನಿಂತಾಗ ನಮ್ಮಜ್ಜಿಯ ತಾಮ್ರದ ಹಂಡೆ ನೆನಪಾಯ್ತು. ಬಚ್ಚಲೊಲೆ ಮೇಲೆ ಎಣ್ಣೆಸ್ನಾನದ ನೀರು ಕಾಯ್ತಿದ್ದ ಹಂಡೆ. ಮನೆಗೆ ಗೀಸರ್ ಬಂದ ವರ್ಷ ಅದನ್ನ ಗುಜರಿಯವನ ತಕ್ಕಡಿಗೆ ಎತ್ತಿಕೊಟ್ಟವಳು ನಾನೇ. "ತಳ ಇನ್ನೂ ಗಟ್ಟಿಯಿದೆ ಕಣೇ" ಅಂದ್ರು ಅಜ್ಜಿ. ಅಷ್ಟೇ, ಬೇರೇನೂ ಅನ್ನಲಿಲ್ಲ.

ಆ ಹಂಡೆಯದು ಒಂದು ಫೋಟೋನೂ ನನ್ನ ಹತ್ರ ಇಲ್ಲ. ನಿಮ್ಮನೆ ಅಟ್ಟದ ಮೇಲೆ ಏನಾದ್ರೂ ಉಳಿದಿದ್ಯಾ? ಇಳಿಸಿ, ಒಂದು ಫೋಟೋ ಕಳ್ಸಿ.