ಬೀವರ್ಟನ್: ಹಳೆಯ ಉಪಕರಣಗಳಿಗೆ ಮರುಜೀವ ಕೊಡುವ ಊರು

ಅಮೆರಿಕದ ಪಶ್ಚಿಮ ಕರಾವಳಿಯ ಆರೆಗಾನ್ ರಾಜ್ಯದಲ್ಲಿ ಪೋರ್ಟ್‌ಲೆಂಡ್ ದೊಡ್ಡ ನಗರ. ಅಲ್ಲಿಂದ ಪಶ್ಚಿಮಕ್ಕೆ ಹೊರಡುವ ಮ್ಯಾಕ್ಸ್ ರೈಲು ಬೆಟ್ಟದೊಳಗಿನ ಸುರಂಗವನ್ನು ಹೊಗುತ್ತದೆ. ಸುರಂಗದ ನಡುವೆ ವಾಷಿಂಗ್ಟನ್ ಪಾರ್ಕ್ ನಿಲ್ದಾಣ. ನೆಲಮಟ್ಟದಿಂದ 260 ಅಡಿ ಆಳ! ಬೆಟ್ಟ ಕೊರೆದಾಗ ಸಿಕ್ಕ ಕಲ್ಲಿನ ಉದ್ದನೆಯ ಮಾದರಿಯನ್ನು ಅಲ್ಲಿ ಗೋಡೆಯುದ್ದಕ್ಕೂ ಜೋಡಿಸಿಟ್ಟಿದ್ದಾರೆ. ಭೂವಿಜ್ಞಾನದ ಈ ಪಾಠ ಮುಗಿಸಿ ಬೆಳಕಿಗೆ ಬಂದ ರೈಲು ಬೀವರ್ಟನ್ ತಲುಪುತ್ತದೆ.

ಈ ಊರಿನ ಬೀದಿಗಳ ಹೆಸರು ಓದಿದರೆ ಭೌತವಿಜ್ಞಾನದ ವಿದ್ಯಾರ್ಥಿಗೆ ಅಚ್ಚರಿಯಾಗದಿರದು. ಎಲೆಕ್ಟ್ರಾನಿನ ವಿದ್ಯುದಂಶವನ್ನು ಅಳೆದ ಮಿಲಿಕನ್ ಹೆಸರಿನಲ್ಲಿ ಒಂದು ರಸ್ತೆ ಮಾತ್ರವಲ್ಲ, ರೈಲು ನಿಲ್ದಾಣವೂ ಇದೆ. 1897ರಲ್ಲಿ ಕ್ಯಾಥೋಡ್ ಕಿರಣ ನಳಿಕೆಯ ಆಸಿಲೋಸ್ಕೋಪನ್ನು ರೂಪಿಸಿದ ಕಾರ್ಲ್ ಬ್ರೌನ್ ಹೆಸರಿನ ರಸ್ತೆಯೂ ಉಂಟು. ಇವೆಲ್ಲ ಟೆಕ್ಟ್ರಾನಿಕ್ಸ್ ಕಂಪನಿಯ ಆವರಣದ ಸುತ್ತಮುತ್ತಲ ರಸ್ತೆಗಳು.

ರಿಪೇರಿ ಅಂಗಡಿಯ ಕೂಸು

ಹೋವರ್ಡ್ ವೋಲಮ್ ಭೌತವಿಜ್ಞಾನದ ಪದವೀಧರ. ಜಾಕ್ ಮರ್ಡಾಕ್ ಪೋರ್ಟ್‌ಲೆಂಡಿನಲ್ಲಿ ರೇಡಿಯೋ ಅಂಗಡಿ ಇಟ್ಟುಕೊಂಡಿದ್ದವನು. ಆ ಅಂಗಡಿಯಲ್ಲಿ ವೋಲಮ್ ರೇಡಿಯೋ ರಿಪೇರಿ ಮಾಡುತ್ತಿದ್ದ. ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಇವರು ಸಂಗಡಿಗರೊಡನೆ ಕಂಪನಿ ಕಟ್ಟಿದರು. 1947ರಲ್ಲಿ ಹೊರಬಂದ ‘511’ ಆಸಿಲೋಸ್ಕೋಪಿನ ಬೆಲೆ 795 ಡಾಲರ್. ಕಣ್ಣಿಗೆ ಕಾಣದ ವಿದ್ಯುತ್ ತರಂಗವನ್ನು ಪರದೆಯ ಮೇಲೆ ಕದಲದಂತೆ ನಿಲ್ಲಿಸಿ ಅಳೆಯಬಹುದಾದ ಈ ಉಪಕರಣ ಎಂಜಿನಿಯರುಗಳ ಮೆಚ್ಚುಗೆ ಗಳಿಸಿತು. ಕಂಪನಿಯಲ್ಲಿ ಒಂದು ಕಾಲಕ್ಕೆ 20,000ಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು.

ಹೀಗೆ ದುಡಿದು ನಿವೃತ್ತರಾದವರೇ ಸೇರಿ ಕಟ್ಟಿದ್ದು ‘ವಿಂಟೇಜ್‌ಟೆಕ್’ ಸಂಗ್ರಹಾಲಯ. ಗಾಜಿನ ಪೆಟ್ಟಿಗೆಯೊಳಗೆ ಜಡವಾಗಿ ಕುಳಿತ ವಸ್ತುಗಳಷ್ಟೇ ಅಲ್ಲಿಲ್ಲ. ಎಷ್ಟೋ ಹಳೆಯ ಉಪಕರಣಗಳು ಇಂದಿಗೂ ಹಸಿರು ಗೆರೆ ಮೂಡಿಸುತ್ತವೆ. ಅರ್ಧ ಶತಮಾನಕ್ಕೂ ಹಿಂದಿನ ವಾಲ್ವ್‌ಗಳ ಉಪಕರಣವನ್ನು ಮತ್ತೆ ನಡೆಸುವುದು ಹೇಗೆ?

ರೋಗ ಪತ್ತೆಯ ಕ್ರಮ

ಒಳ್ಳೆಯ ವೈದ್ಯ ಮೊದಲು ನಾಡಿ ಹಿಡಿಯುವಂತೆ, ರಿಪೇರಿ ಬಲ್ಲವನು ಮೊದಲು ವಿದ್ಯುತ್ ಪೂರೈಕೆಯ ವಿಭಾಗವನ್ನು ಅಳೆಯುತ್ತಾನೆ. ‘545’ರಂಥ ಮಾದರಿಗಳಲ್ಲಿ ಮೈನಸ್ 150 ವೋಲ್ಟಿನ ಪೂರೈಕೆಯೇ ಉಳಿದೆಲ್ಲ ಪೂರೈಕೆಗಳಿಗೆ ಆಧಾರ. ಅದು ತಪ್ಪಿದರೆ ಎಲ್ಲವೂ ತಪ್ಪು. ಆದ್ದರಿಂದ ಪರದೆಯಲ್ಲಿ ಗೆರೆ ಇಲ್ಲವೆಂದು ಪರದೆಯನ್ನೇ ದೂರುವುದು ಜಾಣತನವಲ್ಲ. ಪೂರೈಕೆಯಲ್ಲಿ ಏರಿಳಿತ ಕಂಡರೆ ವರ್ಷಗಳಿಂದ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಮೇಲೆ ಗುಮಾನಿ. ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್, ಎಂಥ ತರಂಗ ಇರಬೇಕೆಂಬುದನ್ನು ಕಂಪನಿಯ ಕೈಪಿಡಿಗಳೇ ಹೇಳುತ್ತವೆ. ಕಂಡ ಕಂಡ ಭಾಗ ಬದಲಿಸುವುದಲ್ಲ, ಅಳೆದು, ಯೋಚಿಸಿ, ಮತ್ತೆ ಅಳೆಯುವುದು ಇಲ್ಲಿನ ಧರ್ಮ.

‘547’ರಂಥ ಕೆಲವು ಮಾದರಿಗಳ ಕಾಯಿಲೆಯಂತೂ ಪತ್ತೇದಾರಿ ಕಥೆಯಂತಿದೆ. ಹಚ್ಚಿದಾಗ ಚಿತ್ರ ಚೆನ್ನಾಗಿಯೇ ಮೂಡುತ್ತದೆ. ಹೊತ್ತು ಕಳೆದಂತೆ ಊದಿಕೊಂಡು, ಮಸುಕಾಗಿ ಮಾಯವಾಗುತ್ತದೆ. ಕಾರಣ, ಅಧಿಕ ವೋಲ್ಟೇಜಿನ ಟ್ರಾನ್ಸ್‌ಫಾರ್ಮರಿಗೆ ತುಂಬಿದ ಎಪಾಕ್ಸಿ. ಅದು ಬಿಸಿಯಾದಂತೆ ಶಕ್ತಿ ಸೋರುತ್ತದೆ. ಸೋರಿದಂತೆ ಇನ್ನಷ್ಟು ಬಿಸಿಯಾಗುತ್ತದೆ. ವೋಲ್ಟೇಜ್ ಕುಸಿದಾಗ ಎಲೆಕ್ಟ್ರಾನುಗಳ ವೇಗ ತಗ್ಗುತ್ತದೆ. ನಿಧಾನವಾಗಿ ಸಾಗುವ ಎಲೆಕ್ಟ್ರಾನು ಫಲಕಗಳ ನಡುವೆ ಹೆಚ್ಚು ಹೊತ್ತು ಇರುವುದರಿಂದ ಹೆಚ್ಚು ಬಾಗುತ್ತದೆ. ಚಿತ್ರ ಊದಿಕೊಳ್ಳುವುದು ಹಾಗೆ! ಪಠ್ಯಪುಸ್ತಕದ ಸೂತ್ರವೇ ಇಲ್ಲಿ ರೋಗಲಕ್ಷಣವಾಗಿ ನಿಂತಿದೆ.

ಬೆಳ್ಳಿಯ ಬೆಸುಗೆ

ಈ ಉಪಕರಣಗಳ ಮುಚ್ಚಳ ತೆರೆದರೆ ಒಳಗೊಂದು ಪುಟ್ಟ ಸುರುಳಿ ಕಾಣುತ್ತದೆ. ಅದು ಸುಮಾರು ನೂರಕ್ಕೆ 3 ಭಾಗ ಬೆಳ್ಳಿ ಬೆರೆತ ಬೆಸುಗೆ ತಂತಿ. ಭಾಗಗಳನ್ನು ಕೂರಿಸಿದ ಪಿಂಗಾಣಿ ಪಟ್ಟಿಗಳ ಗಾಡಿಗಳಿಗೆ ಬೆಳ್ಳಿಯ ಲೇಪವಿದೆ. ಸಾಧಾರಣ ತವರ-ಸೀಸದ ಬೆಸುಗೆ ಆ ಬೆಳ್ಳಿಯನ್ನು ಕರಗಿಸಿ ಹೀರಿಬಿಡುತ್ತದೆ. ಮತ್ತೆ ಮತ್ತೆ ಬೆಸೆದರೆ ಹಿಡಿತವೇ ಹೋಗುತ್ತದೆ. ಸಕ್ಕರೆ ತುಂಬಿದ ಪಾಕ ಮತ್ತೆ ಸಕ್ಕರೆ ಕರಗಿಸದಂತೆ, ಮೊದಲೇ ಬೆಳ್ಳಿಯುಂಡ ಬೆಸುಗೆ ಲೇಪವನ್ನು ಮುಟ್ಟುವುದು ಕಡಿಮೆ. ಮುಂದೊಂದು ದಿನ ಇದನ್ನು ಯಾರೋ ರಿಪೇರಿ ಮಾಡಬೇಕಾದೀತೆಂದು ತಯಾರಿಸುವಾಗಲೇ ಯೋಚಿಸಿ, ಅದಕ್ಕೆ ಬೇಕಾದ ತಂತಿಯನ್ನೂ ಒಳಗಿಟ್ಟು ಕಳಿಸಿದ್ದರು. ಕೆಟ್ಟದ್ದನ್ನು ಎಸೆಯುವ ಈ ಕಾಲಕ್ಕೆ ಆ ಸುರುಳಿ ಒಂದು ಬುದ್ಧಿಮಾತಿನಂತಿದೆ.

ಆದರೆ ಕಾಲ ಕಾಯುವುದಿಲ್ಲ. ಹಳೆಯ ಕಿರಣ ನಳಿಕೆಗಳು ಈಗ ತಯಾರಾಗುತ್ತಿಲ್ಲ. ಅವನ್ನು ಕೈಯಾರೆ ಜೋಡಿಸಿದವರಿಗೆ ವಯಸ್ಸಾಗುತ್ತಿದೆ. ಕೈಪಿಡಿಯಲ್ಲಿ ಬರೆಯದ ಕೈಚಳಕ ಅವರೊಡನೆಯೇ ಹೋಗಿಬಿಡಬಾರದಲ್ಲ!

ಪಕ್ಕದ ಹಿಲ್ಸ್‌ಬರೊದಲ್ಲಿ ಇಂಟೆಲ್ ಕಂಪನಿಯ ದೊಡ್ಡ ಕಾರ್ಖಾನೆಗಳಿವೆ. ಆ ಕಡೆ ಕೆಲಸದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಯರು ಅರ್ಧ ದಿನ ಬಿಡುವು ಮಾಡಿಕೊಂಡು ಬೀವರ್ಟನ್‌ಗೆ ಹೋಗಿಬರಬಹುದು. ತೆರೆದಿರುವ ದಿನಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ವಿದ್ಯಾರ್ಥಿಗಳಿಗೊಂದು ಎಚ್ಚರಿಕೆ: ಇಂಥ ಉಪಕರಣದೊಳಗೆ ಸಾವಿರಾರು ವೋಲ್ಟ್ ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಕಾಲೇಜಿನ ಮೂಲೆಯಲ್ಲಿ ಮುಸುಕು ಹೊದ್ದ ಹಳೆಯ ಸಿ.ಆರ್.ಒ. ಕಂಡರೆ ಬಲ್ಲ ಗುರುಗಳನ್ನು ಜೊತೆಗಿಟ್ಟುಕೊಂಡೇ ತೆರೆಯಿರಿ. ಹಾಗೆಂದು ತೆರೆಯದೆಯೇ ಬಿಡಬೇಡಿ.