ಬಂದು ಹೋಗುವ ಹಳದಿ ದೀಪ

ಕಾರಿನ ಚೆಕ್ ಇಂಜಿನ್ ಲೈಟ್ ಒಮ್ಮೆ ಹೊತ್ತಿ ಹಾಗೇ ಉಳಿದುಬಿಟ್ಟರೆ ಅದರಲ್ಲಿ ದೊಡ್ಡ ಸ್ವಾರಸ್ಯವಿಲ್ಲ. ಕೆಟ್ಟದ್ದು ಕಣ್ಣೆದುರೇ ಇರುತ್ತದೆ. ಸ್ಕ್ಯಾನರ್ ಹಾಕಿ, ಅಳೆದು, ಬದಲಿಸಿದರೆ ಕೆಲಸ ಮುಗಿಯಿತು. ಸೋಮವಾರ ಹೊತ್ತಿ, ಗುರುವಾರ ಆರಿ, ಗ್ಯಾರೇಜಿನ ಬಾಗಿಲಿಗೆ ಬಂದಾಗ ಏನೂ ಅರಿಯದಂತೆ ಸುಮ್ಮನಿರುವ ಲೈಟಿನ ವಿಷಯವೇ ಬೇರೆ. ಮಾಲೀಕರಿಗೆ ಅದು ಪೀಡೆ. ಇಂಜಿನ್ ಕೆಲಸದ ರುಚಿ ಹತ್ತಿದವರಿಗೆ ಮಾತ್ರ ಅಂಥ ಗಾಡಿ ಬಂತೆಂದರೆ ಒಳಗೊಳಗೇ ಖುಷಿ.

ಈ ಬರುವುದು ಹೋಗುವುದಕ್ಕೂ ಒಂದು ಲೆಕ್ಕವಿದೆ. ಬಹುಪಾಲು ದೋಷಗಳನ್ನು ಇಂಜಿನ್ ಕಂಪ್ಯೂಟರ್ ಮೊದಲ ಸಲ ಕಂಡಾಗ ಪೆಂಡಿಂಗ್ ಕೋಡ್ ಎಂದು ಬರೆದಿಟ್ಟುಕೊಂಡು ತೆಪ್ಪಗಿರುತ್ತದೆ. ಮುಂದಿನ ಓಡಾಟದಲ್ಲೂ ಅದೇ ಕಂಡರೆ ದೀಪ ಹೊತ್ತಿಸುತ್ತದೆ. ಆಮೇಲೆ ಸಾಲಾಗಿ ಮೂರು ಓಡಾಟಗಳಲ್ಲಿ ಪರೀಕ್ಷೆ ನಡೆದು ದೋಷ ಕಾಣದಿದ್ದರೆ ಆರಿಸುತ್ತದೆ. ಕೋಡ್ ಮಾತ್ರ ಅಳಿಯುವುದಿಲ್ಲ. ಇಂಜಿನ್ ತಣ್ಣಗಾಗಿ ಮತ್ತೆ ಬಿಸಿಯಾಗುವ ಸುತ್ತುಗಳು ಸಾಮಾನ್ಯವಾಗಿ 40 ಆಗುವವರೆಗೂ ನೆನಪಿನಲ್ಲಿರುತ್ತದೆ. ದೀಪ ಆರಿತು, ಇನ್ನು ತೋರಿಸಿ ಏನು ಪ್ರಯೋಜನ ಎಂದು ಗಾಡಿ ತರದೇ ಇರುವವರು ತಪ್ಪುವುದು ಇಲ್ಲೇ. ಒಂದು ಎಚ್ಚರಿಕೆ: ದೀಪ ಮಿಣಮಿಣ ಮಿನುಗತೊಡಗಿದರೆ ಪತ್ತೇದಾರಿಗೆ ಅವಕಾಶವಿಲ್ಲ. ಮಿಸ್ ಫೈರ್ ಆಗಿ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿಗೆ ನುಗ್ಗಿ ಅದನ್ನು ಸುಡುತ್ತಿದೆ ಎಂದರ್ಥ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಡಿಯನ್ನು ಪಕ್ಕಕ್ಕೆ ಹಾಕಬೇಕು.

ಈ ಕೋಡುಗಳನ್ನು ಓದುವ ಸೌಲಭ್ಯ ಹುಟ್ಟಿದ್ದು ಹೊಗೆಯ ಕಾನೂನಿನಿಂದ. ಕ್ಯಾಲಿಫೋರ್ನಿಯಾದ ಗಾಳಿ ಕೆಟ್ಟು, ಕಾನೂನು ಬಿಗಿಯಾಗಿ, 1996ರ ಮಾಡೆಲ್‌ನಿಂದ ಅಮೆರಿಕದಲ್ಲಿ ಮಾರುವ ಕಾರುಗಳಿಗೆಲ್ಲ ಒಂದೇ ಬಗೆಯ 16 ಪಿನ್ನಿನ ಸಾಕೆಟ್ಟು, ಒಂದೇ ಕೋಡ್ ಭಾಷೆ ಕಡ್ಡಾಯವಾಯಿತು. ಭಾರತಕ್ಕೆ ಅದು ಭಾರತ್ ಸ್ಟೇಜ್ ನಿಯಮಗಳ ಬೆನ್ನುಹತ್ತಿ ಬಂತು. ಈಗ ಸ್ಟೀರಿಂಗ್ ಕೆಳಗೆ ಕೈಯಾಡಿಸಿದರೆ ಸಾಕೆಟ್ಟು ಸಿಗುತ್ತದೆ. ಅದಕ್ಕೆ ಸಿಕ್ಕಿಸುವ ಬೆಂಕಿಪೊಟ್ಟಣದಷ್ಟು ಅಡಾಪ್ಟರು ಫೋನಿನಲ್ಲೇ ಎಲ್ಲವನ್ನೂ ತೋರಿಸುತ್ತದೆ.

ಮೊದಲ ಪಾಪ ಎಂದರೆ ಕೋಡನ್ನು ಓದಿದ ಕೂಡಲೇ ಅಳಿಸುವುದು. ಕೋಡಿನ ಜೊತೆ ಫ್ರೀಜ್ ಫ್ರೇಮ್ ಎಂಬ ದಾಖಲೆಯೂ ಹೋಗುತ್ತದೆ, ಬಂದು ಹೋಗುವ ದೋಷದಲ್ಲಿ ಇರುವ ಸಾಕ್ಷಿ ಬಹುಮಟ್ಟಿಗೆ ಅದೊಂದೇ. ದೋಷ ದಾಖಲಾದ ಕ್ಷಣದಲ್ಲಿ ವೇಗ ಎಷ್ಟು, ಆರ್‌ಪಿಎಂ ಎಷ್ಟು, ಕೂಲೆಂಟ್ ಎಷ್ಟು ಬಿಸಿ, ಇಂಜಿನ್ ಮೇಲೆ ಎಷ್ಟು ಲೋಡು, ಎಲ್ಲ ಅಲ್ಲಿರುತ್ತದೆ. ಎರಡನೇ ಸಿಲಿಂಡರಿನ ಮಿಸ್ ಫೈರ್ ಹೇಳುವ ಪಿ0302 ಕೋಡ್ ಬಂದಿದೆ ಎನ್ನೋಣ. ಫ್ರೀಜ್ ಫ್ರೇಮಿನಲ್ಲಿ ಕೂಲೆಂಟ್ 92 ಡಿಗ್ರಿ, ಆರ್‌ಪಿಎಂ 2900, ಲೋಡ್ ಶೇಕಡ 85 ಎಂದಿದ್ದರೆ ಗಾಡಿ ಘಟ್ಟ ಹತ್ತುತ್ತಿದ್ದಿರಬೇಕು. ಕೂಲೆಂಟ್ 24 ಡಿಗ್ರಿ, ಆರ್‌ಪಿಎಂ 1100, ವೇಗ ಸೊನ್ನೆ ಎಂದಿದ್ದರೆ ರಾತ್ರಿಯೆಲ್ಲ ನಿಂತು ಆಗಷ್ಟೇ ಸ್ಟಾರ್ಟ್ ಆದ ಗಾಡಿ. ಕೋಡ್ ಒಂದೇ ಆದರೂ ಹುಡುಕುವ ದಾರಿ ಪೂರಾ ಬೇರೆ. ಇನ್ನು ಮಾಲೀಕರನ್ನು ಕೇಳಿದರೆ “ಯಾವಾಗ ಬೇಕಾದ್ರೂ ಬರುತ್ತೆ ಕಣಪ್ಪಾ” ಎನ್ನುತ್ತಾರೆ. ಮಳೆ ಬಂದಿತ್ತಾ, ವಾಟರ್ ವಾಶ್ ಮಾಡಿಸಿದ್ರಾ, ಎಸಿ ಹಾಕಿದ್ರಾ ಎಂದು ಬಿಡಿಸಿ ಕೇಳಿದರೆ, ಹೌದಲ್ಲ, ವಾಶ್ ಮಾಡಿಸಿದ ಮಾರನೇ ದಿನವೇ ಬರುವುದು ಎಂದು ಅವರಿಗೇ ಹೊಳೆಯುತ್ತದೆ.

ಅಲ್ಲಿಂದ ಮುಂದೆ ಆ ಸಂದರ್ಭವನ್ನು ಮತ್ತೆ ಸೃಷ್ಟಿಸುವುದೇ ಕಸುಬು. ತೇವದ ಅನುಮಾನವಿದ್ದರೆ ಎರಡನೇ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ ಗಾಡಿ ಬಿಟ್ಟುಕೊಡುತ್ತಾರೆ. ಮುಂದಿನ ಸಲ ಪಿ0303 ಬಂದರೆ ಕಾಯಿಲೇ ಅಪರಾಧಿ. ಪಿ0302 ಆಗಿಯೇ ಉಳಿದರೆ ಪ್ಲಗ್ಗು, ಇಂಜೆಕ್ಟರು, ವೈರು ಎಂದು ಸರದಿ. ಕಾಸು ಖರ್ಚಿಲ್ಲದ ಇಷ್ಟು ಚೊಕ್ಕ ಪರೀಕ್ಷೆ ಇಂಜಿನ್ ಕೆಲಸದಲ್ಲಿ ಹೆಚ್ಚಿಲ್ಲ.

ಪಿ0171ರ ರುಚಿ ಇನ್ನೊಂದು ಬಗೆಯದು. ಗಾಳಿಗೆ ಪೆಟ್ರೋಲು ಸಾಲುತ್ತಿಲ್ಲ ಎನ್ನುವ ಈ ಕೋಡ್ ಕಂಡೊಡನೆ ಆಕ್ಸಿಜನ್ ಸೆನ್ಸರ್ ಬದಲಿಸುವವರಿದ್ದಾರೆ. ಸುದ್ದಿ ತಂದವನನ್ನೇ ಹೊಡೆಯುವ ಕೆಲಸ ಅದು. ನೋಡಬೇಕಾದದ್ದು ಫ್ಯೂಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ತನ್ನ ಲೆಕ್ಕಕ್ಕೆ ಎಷ್ಟು ಪೆಟ್ರೋಲು ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬ ಶೇಕಡಾವಾರು. ಕೂಡಿಸಿದರೂ ಕಳೆದರೂ ಅದು ಹತ್ತರೊಳಗೆ ಇದ್ದರೆ ಚಿಂತೆಯಿಲ್ಲ. ಐಡಲಿಂಗಿನಲ್ಲಿ 20 ತೋರಿಸಿ, 2500 ಆರ್‌ಪಿಎಂಗೆ ರೇಸ್ ಮಾಡಿದಾಗ ನಾಲ್ಕಕ್ಕೆ ಇಳಿದರೆ ಥ್ರಾಟಲ್ ಆಚೆ ಎಲ್ಲೋ ಕಳ್ಳಗಾಳಿ ಒಳಗೆ ಬರುತ್ತಿದೆ. ಇಂಜಿನ್ ಹೆಚ್ಚು ಗಾಳಿ ಎಳೆಯುವಾಗ ಆ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ ತಿರುಗುಮುರುಗಾಗಿ, ಲೋಡ್ ಬಿದ್ದಂತೆ ಟ್ರಿಮ್ ಏರಿದರೆ ಪೆಟ್ರೋಲ್ ಪಂಪು, ಫಿಲ್ಟರಿನ ಕಡೆ ತಿರುಗಬೇಕು. ರಬ್ಬರ್ ಪೈಪು ತಣ್ಣಗಿದ್ದಾಗ ಬಿರುಕು ಬಿಟ್ಟು, ಬಿಸಿಗೆ ಉಬ್ಬಿ ತಾನೇ ಮುಚ್ಚಿಕೊಳ್ಳುವುದೂ ಉಂಟು. ಅದಕ್ಕೇ ಬೆಳಗಿನ ಮೊದಲ ಸ್ಟಾರ್ಟಿಗೆ ಕಾಯಬೇಕು.

ಉಳಿದ ಬಹಳಷ್ಟು ದೋಷಗಳು ವೈರಿನಲ್ಲೂ ಕಪ್ಲರಿನಲ್ಲೂ ಇರುತ್ತವೆ. ಒಬ್ಬರು ಲೈವ್ ಡೇಟಾ ನೋಡುತ್ತಿರಬೇಕು, ಇನ್ನೊಬ್ಬರು ವೈರಿಂಗನ್ನು ಗೇಣು ಗೇಣಾಗಿ ಅಲುಗಿಸುತ್ತ ಹೋಗಬೇಕು. ಎಲ್ಲೋ ಒಂದು ಕಡೆ ಬೆರಳು ತಾಗಿದಾಗ ಅಂಕಿ ಸಟ್ಟನೆ ಬೀಳುತ್ತದೆ. ಬಿಚ್ಚಿ ನೋಡಿದರೆ ಕಪ್ಲರಿನ ಪಿನ್ನಿಗೆ ಹಸಿರು ಕಿಲುಬು, ಇಲ್ಲವೇ ಇಲಿ ಕಡಿದು ಎರಡೇ ಎಳೆ ಉಳಿದ ತಂತಿ. ಹಲವು ಸೆನ್ಸರುಗಳು ಒಂದೇ 5 ವೋಲ್ಟ್ ಲೈನನ್ನು ಹಂಚಿಕೊಂಡಿರುವುದರಿಂದ ಒಂದು ಶಾರ್ಟ್ ಆದರೆ ಸಂಬಂಧವಿಲ್ಲದಂತೆ ತೋರುವ ಕೋಡುಗಳು ಗುಂಪಾಗಿ ಬರುತ್ತವೆ. ಹಾಗಾದಾಗ ಎಲ್ಲ ಸೆನ್ಸರುಗಳ ಪಟ್ಟಿ ಹಿಡಿದು ಅಂಗಡಿಗೆ ಹೋಗುವ ಮುನ್ನ ಆ ಲೈನನ್ನೂ ಅರ್ತಿಂಗನ್ನೂ ಅಳೆಯಬೇಕು.

ರಿಪೇರಿಯ ನಂತರ ಕೋಡ್ ಅಳಿಸಬಹುದು. ಅಳಿಸಿದಾಗ ಕಂಪ್ಯೂಟರಿನ ಸ್ವಯಂಪರೀಕ್ಷೆಗಳ ಫಲಿತಾಂಶವೂ ಅಳಿಯುತ್ತದೆ; ಸ್ಕ್ಯಾನರಿನಲ್ಲಿ ಅವು ಮತ್ತೆ ‘ಕಂಪ್ಲೀಟ್’ ಎಂದು ತೋರಿಸುವವರೆಗೆ ದೀಪ ಬರದಿರುವುದಕ್ಕೆ ಅರ್ಥವಿಲ್ಲ. ಕ್ಯಾಟಲಿಟಿಕ್ ಕನ್ವರ್ಟರಿನ ಪರೀಕ್ಷೆಗೆ ಅನೇಕ ಗಾಡಿಗಳಲ್ಲಿ ಒಂದೇ ವೇಗದ ಸ್ಥಿರ ಓಟ ಬೇಕು. ಊರೊಳಗಿನ ಟ್ರಾಫಿಕ್ಕಿನಲ್ಲಿ ಅದು ಸಿಗುವುದು ಕಷ್ಟ. ಹೈವೇಗೆ ಒಯ್ದು ಓಡಿಸಿ, ಪೆಂಡಿಂಗ್ ಪಟ್ಟಿ ಖಾಲಿ ಇದೆಯೇ ಎಂದು ನೋಡಿದ ಮೇಲೆಯೇ ಬಿಲ್ಲು ಬರೆಯಬಹುದು.