ಎರಡೂ ತುದಿ ಬಿಚ್ಚಬೇಕು

ನಮ್ಮ ಕಡೆ ನೀರು ತಾನಾಗಿ ಹೊಲಕ್ಕೆ ಬರುವುದಿಲ್ಲ. ರಾಯಬಾಗ, ಅಥಣಿ, ಕಾಗವಾಡ, ಚಿಕ್ಕೋಡಿ ತಾಲೂಕುಗಳ ಹೊಳೆದಂಡೆಯ ಊರುಗಳಲ್ಲಿ ಕೃಷ್ಣೆಗೆ ಮೋಟಾರು ಇಟ್ಟು, ದೂರದ ತನಕ ಪೈಪು ಹೂಳಿ ಕಬ್ಬಿಗೆ ನೀರು ಒಯ್ಯುತ್ತಾರೆ. ನಿಪ್ಪಾಣಿ ಕಡೆ ದೂಧಗಂಗಾ, ವೇದಗಂಗಾ ದಂಡೆಯಲ್ಲಿಯೂ ಹೀಗೆಯೇ. ಒಂದು ಪೈಪಿನ ಉದ್ದ 20 ಅಡಿ. ಅಂದರೆ ಒಂದು ಮೈಲಿಗೆ 260ಕ್ಕೂ ಹೆಚ್ಚು ಜೋಡು. ನೀರು ಸೋರುವುದು ಹೆಚ್ಚಾಗಿ ಆ ಜೋಡುಗಳಲ್ಲೇ.

ನಮ್ಮ ಅಬ್ಬಾ ಈ ಜೋಡಿಸುವ ಕೆಲಸದವರು. ಪೈಪಿನ ತುದಿಯನ್ನು ಬೆಂಕಿಯ ಮೇಲೆ ತಿರುಗಿಸುತ್ತ ಮೆತ್ತಗೆ ಮಾಡಿ, ಇನ್ನೊಂದನ್ನು ಅದರೊಳಗೆ ಕೂಡ್ರಿಸಿ, ತಣ್ಣಗಾಗುವ ತನಕ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಮೋಟಾರಿನ ಕೇಬಲ್ಲಿನ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಮೂರು ತಂತಿಗಳನ್ನು ಉದ್ದ, ಮಧ್ಯಮ, ಗಿಡ್ಡ ಎಂದು ಬೇರೆ ಬೇರೆ ಅಳತೆಗೆ ಕತ್ತರಿಸಿ, ಒಂದರ ಜೋಡಿನ ಮಗ್ಗಲಿಗೆ ಇನ್ನೊಂದರ ಜೋಡು ಬರದಂತೆ ನೋಡಬೇಕು. ತಾಮ್ರವನ್ನು ಕೆರೆದು ಬಿಗಿಯಬೇಕು. ಟೇಪಿನ ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಬೇಕು. ಕೊನೆಗೆ ಬಕೆಟ್ಟಿನ ನೀರಲ್ಲಿ ಮುಳುಗಿಸಿ, ಮೀಟರ್ ಹಚ್ಚಿ ಪರೀಕ್ಷಿಸಬೇಕು.

ಇದೆಲ್ಲ ನಮಗೆ ಗೊತ್ತಿತ್ತು. ಆದರೂ 2003ರ ಬರದ ಬೇಸಿಗೆಯಲ್ಲಿ ನಾವು ಅಣ್ಣತಮ್ಮ ಇಬ್ಬರೂ ತಪ್ಪಿದೆವು. ಅಬ್ಬಾ ಆಸ್ಪತ್ರೆಗೆಂದು ಮಿರಜಕ್ಕೆ ಹೋಗಿದ್ದರು. ನಡುರಾತ್ರಿ ಕರೆಂಟು ಬರುವ ಹೊತ್ತು. ಕೇಬಲ್ ಹರಿದಿತ್ತು, ಕಬ್ಬು ಒಣಗುತ್ತಿತ್ತು. ಮೂರೂ ತಂತಿಗಳನ್ನು ಒಂದೇ ಕಡೆ ಹೊಸೆದು, ಪ್ಲಾಸ್ಟಿಕ್ ಚೀಲ ಸುತ್ತಿ, ಬದುವಿನ ಮೇಲೆ ಬಿಟ್ಟೆವು. ಬೆಳಗಿನ ತನಕ ಬದು ಹಸಿಯಾಗಿತ್ತು. ಮಗ್ಗಲ ಹೊಲದ ಕಾಕಾನ ಎತ್ತು ಅಲ್ಲಿ ಕಾಲಿಟ್ಟಿತು. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವುದರಿಂದ ಹಸಿನೆಲದ ಕರೆಂಟು ದನಗಳ ಎದೆಯನ್ನೇ ಹಾದುಹೋಗುತ್ತದೆ. ಎತ್ತು ಎದ್ದೇಳಲಿಲ್ಲ.

ಅಬ್ಬಾ ಮರಳಿ ಬಂದವರೇ ನಮ್ಮನ್ನು ಕರೆದುಕೊಂಡು ಹೋಗಿ ಕಾಕಾನ ಮನೆಯ ಮುಂದೆ ನಿಲ್ಲಿಸಿದರು. ಎತ್ತಿನ ಬೆಲೆಯನ್ನು ಎರಡು ಸುಗ್ಗಿಗಳಲ್ಲಿ ತೀರಿಸಿದರು. ಆದರೆ ಊರಲ್ಲಿ ಕೆಲವರು ‘ಅವರ ಮಂದಿ’, ‘ನಮ್ಮ ಮಂದಿ’ ಎಂದು ಮಾತು ತೆಗೆದಿದ್ದರು. ಕಾಕಾ ಹಾಗೆ ಎಂದೂ ಆಡಲಿಲ್ಲ. ನಮ್ಮೊಂದಿಗೆ ಮಾತನ್ನೂ ಆಡಲಿಲ್ಲ. ಉರ್ದು ಶಾಲೆಯಲ್ಲಿ ಕಲಿತ ‘ಗಿರಹ್’ ಎಂಬ ಶಬ್ದಕ್ಕೆ ಹಗ್ಗದ ಗಂಟು ಎಂದೂ ಮನಸ್ಸಿನ ಗಂಟು ಎಂದೂ ಅರ್ಥವಿದೆ. ದುಡ್ಡು ಕೊಟ್ಟು ನಾವು ಹಾಕಿದ್ದು ಅಂಥ ಗಂಟು. ಸಂಬಂಧ ಹರಿದಿರಲಿಲ್ಲ, ಕೂಡಿರಲೂ ಇಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ಊರೊಳಗೆ ಬಂದಳು. ಕುಡಚಿ–ಉಗಾರ ಸೇತುವೆ ಮುಳುಗಿತು. ಅಬ್ಬಾ ಆಗಲೇ ತೀರಿಕೊಂಡಿದ್ದರು. ಗಂಜಿ ಕೇಂದ್ರದ ಬಯಲಿನಲ್ಲಿ ನಮ್ಮ ಎಮ್ಮೆಯೂ ಕಾಕಾನ ಆಕಳೂ ಒಂದೇ ಬೇವಿನ ಗಿಡದ ಕೆಳಗೆ ನಿಂತಿದ್ದವು. ನಮ್ಮ ಹಗ್ಗ ಗಿಡ್ಡವಾಗಿತ್ತು. ಹರಿದ ತುಂಡೊಂದನ್ನು ಗಂಟು ಹಾಕಲು ಹೋದಾಗ ಕಾಕಾ ಕೈಯಿಂದ ಕಸಿದುಕೊಂಡರು.

“ಗಂಟ ಹಾಕೂದು ಸಣ್ಣ ಹುಡುಗರಿಗೂ ಬರತೈತಿ ತಮ್ಮಾ. ಜಗ್ಗಿದರ ಗಂಟಿದ್ದಲ್ಲೇ ಹರಿತೈತಿ. ಕೂಡಸಬೇಕಂದ್ರ ಎರಡೂ ತುದಿ ಬಿಚ್ಚಬೇಕು.”

ಹರೆಯದಲ್ಲಿ ಪುಂಡಿನಾರು ಕೊಳೆಹಾಕಿ ತಾವೇ ಹಗ್ಗ ಹೊಸೆದವರು ಅವರು. ಎರಡೂ ಹಗ್ಗಗಳ ಮೂರು ಮೂರು ಎಳೆ ಬಿಚ್ಚಿ, ಎದುರುಬದುರಾಗಿ ಒಂದರ ಸಂದಿನಲ್ಲಿ ಒಂದನ್ನು ಕೂಡ್ರಿಸಿದರು. ಆಮೇಲೆ ಪ್ರತಿ ಎಳೆಯನ್ನೂ ಎದುರಿನ ಹಗ್ಗದ ಒಂದು ಎಳೆಯ ಮೇಲೆ ದಾಟಿಸಿ, ಮುಂದಿನದರ ಕೆಳಗೆ ತೂರಿಸುತ್ತ ಹೋದರು. ನಾರಿನ ಹಗ್ಗಕ್ಕೆ ಮೂರು ಸುತ್ತು ಸಾಕು, ನೈಲಾನು ಜಾರುತ್ತದೆ, ಅದಕ್ಕೆ ಐದು ಬೇಕು ಎಂದರು. ಗಂಟು ಹಾಕಿದ ಹಗ್ಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುವುದುಂಟು. ಹೆಣೆದ ಹಗ್ಗದಲ್ಲಿ ಭಾರ ಎಲ್ಲ ಎಳೆಗಳಿಗೂ ಹಂಚಿಹೋಗುತ್ತದೆ. ಆದರೆ ಬಿಚ್ಚಿ ಹೆಣೆಯುವಾಗ ಎರಡೂ ಹಗ್ಗ ಸ್ವಲ್ಪ ಸ್ವಲ್ಪ ಗಿಡ್ಡವಾಗಲೇಬೇಕು.

ನಾವು ಆಗ ಎತ್ತಿನ ಮಾತು ತೆಗೆದೆವು. ಹದಿನಾರು ವರ್ಷಗಳಲ್ಲಿ ಮೊದಲ ಸಲ, ಅಬ್ಬಾನ ಬಾಯಿಂದಲ್ಲ, ನಮ್ಮ ಬಾಯಿಂದಲೇ ತಪ್ಪಾಯಿತೆಂದೆವು. ಕಾಕಾ ತುಸು ಹೊತ್ತು ಹೆಣೆಯುತ್ತಲೇ ಇದ್ದು, “ನಾನೂ ಮಾತ ಬಿಡಬಾರದಿತ್ತು” ಎಂದರು.

ನೀರು ಇಳಿದ ಮೇಲೆ ಅವರ ಮೋಟಾರಿನ ಕೇಬಲ್ ಕಿತ್ತುಹೋಗಿತ್ತು. ಅದನ್ನು ಜೋಡಿಸಲು ಅವರು ಹೇಳಿಕಳಿಸಿದ್ದು ನಮಗೆ. ತಂತಿಗಳನ್ನು ಬೇರೆ ಬೇರೆ ಅಳತೆಗೆ ಕತ್ತರಿಸಿದೆವು, ಅರ್ಧ ಅರ್ಧ ಮುಚ್ಚುವಂತೆ ಟೇಪು ಸುತ್ತಿದೆವು, ಬಕೆಟ್ಟಿನಲ್ಲಿ ಮುಳುಗಿಸಿ ಎರಡು ಸಲ ನೋಡಿದೆವು. ಕೆಲಸ ಮುಗಿಯುವವರೆಗೆ ಕಾಕಾ ತಮ್ಮ ಹೊಸ ಎತ್ತನ್ನು ಹಿಡಿದುಕೊಂಡು ಅದೇ ಬದುವಿನ ಮೇಲೆ ನಿಂತಿದ್ದರು.